ನಾನು ಎತ್ತಿದ ಕರೆ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಈ ಕಾಗದ ತಂದವಳು ನಮ್ಮ ಸಂಸ್ಥೆಯ ಹಿರಿಯ ಸಮಾಲೋಚಕಿ. ರಕ್ತಪರೀಕ್ಷೆಗೆ ಬಂದವಳಂತೆ ನೀನು ಕೆಲಸ ಮಾಡುವ ಲ್ಯಾಬಿನಲ್ಲಿ ಕೂತಿರುತ್ತಾಳೆ. ಅಲ್ಲೇ ಓದಿ ಅವಳ ಕೈಗೇ ವಾಪಸ್ ಕೊಡು. ಇಂಥ ಕಾಗದ ಮನೆಗೆ ಹೋಗಬಾರದು ಎಂಬುದು ನಾನೇ ಮಾಡಿದ ನಿಯಮ.

ಇಪ್ಪತ್ತೆರಡು ದಿನಗಳ ಹಿಂದೆ ನೀನು ನಮ್ಮ ಮಹಿಳಾ ಸಹಾಯವಾಣಿಗೆ ಫೋನ್ ಮಾಡಿದೆ. ಅವತ್ತು ಇಬ್ಬರು ರಜೆಯಲ್ಲಿದ್ದರು, ಅಧ್ಯಕ್ಷೆಯಾದ ನಾನೇ ಫೋನಿನ ಮುಂದೆ ಕೂತಿದ್ದೆ. 'ನನ್ನ ಗಂಡ ಕುತ್ತಿಗೆ ಒತ್ತಿ ಹಿಡಿದ್ರು, ಉಸಿರೇ ಬರ್ಲಿಲ್ಲ' ಎಂದೆ ನೀನು. ಪಿಸುದನಿ ಯಾರದೆಂದು ತಿಳಿಯಲಿಲ್ಲ. ಆದರೆ ಹಿಂದಿನಿಂದ ನೀರಿನ ಫಿಲ್ಟರ್ ತುಂಬಿ ಹಾಡತೊಡಗಿತು. ಆ ಹಾಳು ರಾಗ! ನಿಮ್ಮ ಮನೆಗೆ ಅದನ್ನು ಕೊಡಿಸಿದವಳೇ ನಾನು. ಅದು ಹಾಡಿದಾಗಲೆಲ್ಲ ಅತ್ತೆ ಬಂದರು ಎಂದು ರೇಗಿಸುತ್ತಿದ್ದೆಯಲ್ಲ.

ಫೋನಿನಲ್ಲಿರುವುದು ನೀನೇ ಎಂದು ತಿಳಿಯಿತು. ಒಮ್ಮೆ ಕೆಮ್ಮಿದೆ. ಆ ಕೆಮ್ಮು ನಿನಗೆ ಗುರುತು ಸಿಕ್ಕಿರಬೇಕು, ನೀನು ಫೋನ್ ಇಟ್ಟುಬಿಟ್ಟೆ.

ನಾವಾಗಿ ತಿರುಗಿ ಫೋನ್ ಮಾಡಬಾರದು, ಗಂಡ ಎತ್ತಿದರೆ ಅಪಾಯ ಎಂಬ ಇನ್ನೊಂದು ನಿಯಮವಿದೆ. ಅದರ ಹಿಂದೆ ಅಡಗಿ ಕೂತೆ. ಮನೆಯವರ ವಿಷಯ ಬಂದರೆ ಅದೇ ದಿನ ಬೇರೆಯವರಿಗೆ ಒಪ್ಪಿಸಬೇಕು ಎಂಬ ನಿಯಮವೂ ಇದೆ. ಅದು ಮಾತ್ರ ಮರೆತುಹೋಯಿತು.

ಮುಂದಿನ ಭಾನುವಾರ ನಾನು ನಿಮ್ಮ ಮನೆಗೆ ಊಟಕ್ಕೆ ಬಂದೆ. ಆ ಸೆಕೆಯಲ್ಲೂ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡಿದ್ದೆ ನೀನು. ನಾನು ಅಡುಗೆ ಚೆನ್ನಾಗಿದೆ ಎಂದೆ. ಸಂಜೆ ಮಗ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟ. ಹೊರಡುವ ಮುನ್ನ ಬಗ್ಗಿ, ನನ್ನ ಸೀಟ್ ಬೆಲ್ಟ್ ತಾನೇ ಹಾಕಿದ. ಇಂಥವನು ಹಾಗೆ ಮಾಡಿರಲಾರ ಎಂದುಕೊಂಡೆ. ಎಷ್ಟೋ ತಾಯಂದಿರು ನನ್ನ ಮೇಜಿನ ಮುಂದೆ ಕೂತು ಇದನ್ನೇ ಹೇಳಿದ್ದಾರೆ, ಅವರಿಗೆಲ್ಲ ಮುಖ ಮುರಿಯುವಂತೆ ಉತ್ತರ ಕೊಟ್ಟಿದ್ದೇನೆ. ಕುತ್ತಿಗೆಗೆ ಕೈ ಹಾಕಿದವನು ಮುಂದಿನ ಸಲ ಕೊಲ್ಲಲೂಬಹುದು ಎಂದು ಪೊಲೀಸರಿಗೆ ಪಾಠ ಮಾಡುವವಳೂ ನಾನೇ.

ನಿನ್ನೆ ಮತ್ತೆ ಕರೆ ಬಂತು. ಎತ್ತಿದ್ದು ಸಮಾಲೋಚಕಿ. ಯಾರೂ ಮಾತಾಡಲಿಲ್ಲ, ಏನೋ ರಾಗ ಮಾತ್ರ ಕೇಳಿಸಿತು ಎಂದು ಗುನುಗಿ ತೋರಿಸಿದಳು. ಆಗ ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. 'ಬೇರೆಯವರ ಸೊಸೆ ಆಗಿದ್ರೆ ಅವತ್ತೇ ಗಾಡಿ ಕಳಿಸ್ತಿದ್ರಿ ಅಲ್ವಾ ಮೇಡಂ?' ಎಂದಳು.

ನಿನ್ನನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯುವ ಗಾಡಿ ಈಗ ಲ್ಯಾಬಿನ ಹಿಂಬಾಗಿಲ ಬಳಿ ನಿಂತಿದೆ. ಹತ್ತುವುದು, ಬಿಡುವುದು ನಿನ್ನ ಇಷ್ಟ. ಇವತ್ತು ಆಗದಿದ್ದರೆ ಅವಳು ನಾಳೆಯೂ ಬರುತ್ತಾಳೆ. ನೀನು ಎಲ್ಲಿರುತ್ತೀಯೆಂದು ನನಗೆ ಹೇಳಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ. ಮಗ ಬಂದು ಕಣ್ಣೀರು ಹಾಕಿದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ.

ಕ್ಷಮಿಸು ಎನ್ನುವುದಿಲ್ಲ. ನೀನು ಬದುಕಿರಬೇಕು, ಅಷ್ಟೇ.

ಇಂತಿ,
ನಿನ್ನ ಅತ್ತೆ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅವತ್ತು ಕರೆಗಳ ಪುಸ್ತಕದಲ್ಲಿ ನಿನ್ನ ಕರೆಯ ಎದುರು 'ರಾಂಗ್ ನಂಬರ್' ಎಂದು ಬರೆದಿದ್ದೆ. ಈಗ ಅದರ ಕೆಳಗೆ ನೀನು ಹೇಳಿದ್ದನ್ನೂ ನಾನು ಮಾಡದೆ ಬಿಟ್ಟಿದ್ದನ್ನೂ ಬರೆದು ರುಜು ಹಾಕಿದ್ದೇನೆ. ನೀನು ದೂರು ಕೊಟ್ಟರೆ ಮೊದಲ ಸಾಕ್ಷಿ ನಾನು. ನನ್ನ ಸಾಕ್ಷಿ ಹೇಳಿಕೆಯ ನಮೂನೆಯನ್ನೂ ಈಗಲೇ ತುಂಬಿಟ್ಟಿದ್ದೇನೆ; ಅದರಲ್ಲಿ ಆರೋಪಿಗೂ ಸಾಕ್ಷಿಗೂ ಏನು ಸಂಬಂಧ ಎಂದು ಕೇಳುವ ಜಾಗದಲ್ಲಿ 'ತಾಯಿ' ಎಂದು ಬರೆದಿದ್ದೇನೆ.