ತೊಡೆಯ ಮೇಲಿನ ಭಾರ

ಅಪ್ಪಾ,

ಹೇಜಲ್ ಇವತ್ತು ಪಾಸಾದಳು. ಹೇಜಲ್ ಅಂದರೆ ನನ್ನ ನಾಯಿ. ಬೆನ್ನುನೋವು ಏರಿದಾಗಲೆಲ್ಲ ನನ್ನನ್ನು ಹಿಡಿಯುವ ಗಾಬರಿಯನ್ನು ಇಳಿಸುವುದು ಅವಳ ಕೆಲಸ. ಎರಡು ವರ್ಷ ಕೂತು ನಾನೇ ಕಲಿಸಿದ್ದೇನೆ.

ಪರೀಕ್ಷಕಿ ಚಾರ್ಲ್ಸ್‌ಟನ್‌ನಿಂದ ಬಂದಿದ್ದರು. ಜನರ ನಡುವೆಯೂ ಅವಳು ನನ್ನನ್ನು ನೋಡಿಕೊಳ್ಳಬಲ್ಲಳೇ ಎಂದು ನಮ್ಮೂರ ದಿನಸಿ ಅಂಗಡಿಯಲ್ಲೇ ಪರೀಕ್ಷೆ. ಹೇಜಲ್ ಮೂಗಿನ ಮುಂದೆಯೇ ಹುರಿದ ಹಂದಿಮಾಂಸದ ತುಂಡು ಬೀಳಿಸಿದರು. ಅವಳು ತಿರುಗಿಯೂ ನೋಡಲಿಲ್ಲ. ಸೋತದ್ದು ನಾನು. ಬಿಲ್ಲಿನ ಸಾಲಿನಲ್ಲಿ ನೋವು ಸೊಂಟದಿಂದ ಕಾಲಿಗಿಳಿಯಿತು, ಉಸಿರು ಸಿಕ್ಕಿಕೊಂಡಿತು, ಅಲ್ಲೇ ನೆಲಕ್ಕೆ ಕುಸಿದೆ. ಯಾರೂ ಹೇಳದೆಯೇ ಅವಳು ನನ್ನ ತೊಡೆಯ ಮೇಲೆ ಮೈಭಾರವನ್ನೆಲ್ಲ ಹಾಕಿ ಮಲಗಿದಳು. ಉಸಿರು ಮರಳುವವರೆಗೂ ಕದಲಲಿಲ್ಲ.

"ಇನ್ಯಾವ ಪರೀಕ್ಷೆ ಬೇಕಮ್ಮ," ಎಂದು ಪರೀಕ್ಷಕಿ ಸಹಿ ಹಾಕಿದರು. ನಾನು ಎದ್ದು, ಬಿಲ್ ಹಾಕಿಸಿ, ತಲೆಯೆತ್ತಿ ಹೊರಗೆ ಬಂದೆ.

ಗಣಿಯಲ್ಲಿ ನಿನ್ನ ಜೊತೆಗಿದ್ದ ಡೆಲ್ಬರ್ಟ್ ಬಾಗಿಲಲ್ಲಿ ನಿಂತಿದ್ದ. "ನಿಮ್ಮಪ್ಪಂದೂ ಇದೇ ಕಥೆ ಕಣೇ. ಪಾಳಿ ಮುಗಿಸ್ಕೊಂಡು ಬಂದು ನಾಯಿಗೂಡಲ್ಲಿ ಜೂನೋನ ತೊಡೆ ಮೇಲೆ ಹಾಕ್ಕೊಂಡು ಕೂರ್ತಿದ್ದ. ಬೆನ್ನುನೋವು ಅಂತ ಬಾಯಿಬಿಟ್ಟಿದ್ರೆ ಗಣಿಯವರು ಮನೆಗೆ ಕಳಿಸ್ತಿದ್ರಲ್ಲ."

ನಿನಗೆ ನಮಗಿಂತ ನಾಯಿಯೇ ಹೆಚ್ಚು ಎಂದು ನಾವು ಹಂಗಿಸುತ್ತಿದ್ದೆವು. ನೀನು ಒಮ್ಮೆಯೂ ಅಲ್ಲ ಎನ್ನಲಿಲ್ಲ.

ನಾಯಿ ಹೊಸ್ತಿಲು ದಾಟಬಾರದು ಎಂಬುದು ನಿನ್ನದೇ ಕಟ್ಟಳೆ. ಹಾಸಿಗೆ ಹಿಡಿದ ಆ ಕೊನೆಯ ತಿಂಗಳು ನೀನು "ಜೂನೋ, ಜೂನೋ" ಎಂದು ಕರೆಯುತ್ತಿದ್ದಾಗ, ನಾನು ನಗುತ್ತ ಅದನ್ನೇ ನಿನಗೆ ನೆನಪಿಸಿದೆ.

ಜೂನೋ ಬಾಗಿಲ ಹೊರಗೇ ಕೂತಿತ್ತು, ಅಪ್ಪಾ.