ನಂಬೋಜೊ ನಿದ್ದೆ ಮಾಡಿದಳು

ಅವ್ವಾ,

ನೀನು ನೋಡದ ನಿನ್ನ ಮೊಮ್ಮಗಳು ನಂಬೋಜೊಗೆ ಈಗ ಹದಿಮೂರು. ಮೂತ್ರಪಿಂಡದ ಕಾಯಿಲೆಯಿಂದ ಮೈಯೆಲ್ಲ ಊದಿಕೊಂಡಿತ್ತು. ಎಂಬಾಲೆ ಪಟ್ಟಣದ ಆಸ್ಪತ್ರೆಯ ವೈದ್ಯೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಊತ ಇಳಿಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಹುಡುಗಿಗೆ ನಿದ್ದೆಯೇ ಹೋಯಿತು. ಬಿಡುವಿಲ್ಲದೆ ಮಾತಾಡಿದಳು, ನಕ್ಕಳು, ಅತ್ತಳು. ಕೋಳಿಗಳು ತನ್ನನ್ನು ಹೆಸರು ಹಿಡಿದು ಕರೆಯುತ್ತಿವೆ ಎಂದಳು.

ನನ್ನ ಸೋದರತ್ತೆ ಖೈಂಜಾ ಓಡಿಬಂದರು. "ನಿಮ್ಮವ್ವಂಗೆ ಹಿಡಿದಿದ್ದ ದೆವ್ವಾನೇ ಇವಳಿಗೂ ಹಿಡ್ಕೊಂಡೈತೆ. ಮಾತ್ರೆ ಬಿಸಾಕು, ಪ್ರಾರ್ಥನೆ ಮನೆಗೆ ನಡಿ."

"ಒಂದು ಸಲ ನಿಮ್ಮ ಮಾತು ಕೇಳಿದೀನಿ ಅತ್ತೆ, ಸಾಕು" ಎಂದು ಮಗಳನ್ನು ಬಾಡಿಗೆ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ.

"ದೆವ್ವ ಅಲ್ಲಮ್ಮ, ಇದು ಮಾತ್ರೆ ಕೆಲಸ" ಎಂದರು ವೈದ್ಯೆ. "ಕೆಲವರ ಮನಸ್ಸನ್ನೇ ಕೆಡಿಸಿಬಿಡತ್ತೆ. ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಸ್ವಲ್ಪ ಸ್ವಲ್ಪ ಇಳಿಸೋಣ, ಸರಿಹೋಗ್ತಾಳೆ."

ನಿನ್ನ ಉಬ್ಬಸಕ್ಕೆ ತಿಂಗಳುಗಟ್ಟಲೆ ಕೊಟ್ಟಿದ್ದೂ ಇದೇ ಮಾತ್ರೆ. ನೀನೂ ಹೀಗೇ ಬಡಬಡಿಸತೊಡಗಿದಾಗ ಅತ್ತೆಯ ಮಾತು ಕೇಳಿ ಆ ಡಬ್ಬಿಯನ್ನು ಹೊಳೆಗೆ ಎಸೆದವಳು ನಾನು. ನಿನ್ನನ್ನು ಪ್ರಾರ್ಥನೆ ಮನೆಯೊಳಗೆ ಕೂಡಿ, ಬಾಗಿಲಿಗೆ ಚಿಲಕ ಹಾಕಿ, ನಿನ್ನ ಉಸಿರು ನಿಲ್ಲುವವರೆಗೆ ಮೂರು ದಿನ ಹೊರಗೆ ಕೂತವಳೂ ನಾನೇ.

ಹದಿನೈದು ದಿನಗಳಾದವು. ಇವತ್ತು ಮಧ್ಯಾಹ್ನ ನಂಬೋಜೊ ಕಳಲೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಹುಚ್ಚುಚ್ಚಾಗಿ ಮಾತಾಡ್ತಿದ್ದಾಗ ನೀನೇನ್ ಮಾಡ್ತಿದ್ದೆ?"

"ಪಕ್ಕದಲ್ಲೇ ಕೂತು ಕೇಳ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ."

ನಾಚಿ ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡವಳು ಹಾಗೆಯೇ ನಿದ್ದೆಹೋದಳು. ನನ್ನ ಕಾಲು ಜೋಮು ಹಿಡಿದಿದೆ ಅವ್ವಾ. ಆದರೂ ಅಲುಗಾಡದೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಮಗಳು