ಮೇಜಿನ ಮೇಲಿದ್ದ ಊರು

ಯೋಕೋಹಾಮಾ, ಗುರುವಾರ

ದೊಡ್ಡಪ್ಪ,

ನಿಮ್ಮ ಪ್ರೆಸ್ಸಿನಲ್ಲೇ ಬೆಳೆದವಳಾದರೂ ಪ್ರೂಫ್ ನೋಡುವುದರಲ್ಲಿ ಎಡವಿದೆ, ಬೈಯಬೇಡಿ. ಪ್ಯಾಲೆಸ್ತೀನ್ ನಿರಾಶ್ರಿತರ ಮುಂದಿನ ಬದುಕಿನ ಬಗ್ಗೆ ಪ್ಯಾಲೆಸ್ತೀನ್, ಇಸ್ರೇಲ್ ಎರಡೂ ಕಡೆಯವರು ಇಲ್ಲಿ ಖಾಸಗಿಯಾಗಿ ಮಾತುಕತೆಗೆ ಕೂತಿದ್ದಾರೆ. ಅವರ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸುವ ಕೆಲಸ ನನ್ನದು. ಪ್ಯಾಲೆಸ್ತೀನ್ ಕಡೆಯಿಂದ ಬಂದ ಹನಾನ್ ಎಂಬಾಕೆ ನಿರಾಶ್ರಿತರ ಶಿಬಿರದಲ್ಲೇ ಹುಟ್ಟಿದವರು; ತಮ್ಮ ಕಾರ್ಡಿಗೆ ವಿಳಾಸದ ಜಾಗದಲ್ಲಿ ಅಜ್ಜ ಬಿಟ್ಟುಬಂದ ಊರನ್ನು ಬರೆದುಕೊಟ್ಟಿದ್ದರು. ಈಗ ಇಸ್ರೇಲಿಗೆ ಸೇರಿರುವ ಜಾಗದಲ್ಲಿದ್ದ ಆ ಊರು ಇವತ್ತು ಇಲ್ಲ. ನಾನು ಒಂದು ಮಾತೂ ಕೇಳದೆ ಹಾಗೇ ಹಾಕಿಸಿಬಿಟ್ಟೆ. ಇದನ್ನು ನೋಡಿ ಇಸ್ರೇಲಿನವರು ಸಿಟ್ಟಾಗಿ ಮಾತುಕತೆಯೇ ಮುರಿದುಬೀಳುತ್ತದೆಂದು ಹೆದರಿದ್ದೆ.

ಜಪಾನಿನಲ್ಲಿ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಜೇಬಿಗಿಳಿಸದೆ, ಸಭೆ ಮುಗಿಯುವವರೆಗೂ ಮೇಜಿನ ಮೇಲೆ ಎದುರಿಗೇ ಇಟ್ಟುಕೊಳ್ಳಬೇಕು. ಇಸ್ರೇಲಿನಿಂದ ಬಂದ ಹಿರಿಯರಾದ ಯೋರಾಮ್ ಕೂಡ ಹನಾನ್ ಕೊಟ್ಟ ಕಾರ್ಡನ್ನು ಹಾಗೇ ಇಟ್ಟುಕೊಂಡರು. ಬೆಳಗ್ಗೆಯೆಲ್ಲ ಬರೀ ಜಗಳ. ಮಧ್ಯಾಹ್ನ ಯೋರಾಮ್ ಆ ಕಾರ್ಡನ್ನೇ ನೋಡುತ್ತ, "ಅಲ್ಲಿ ಎಷ್ಟು ಮನೆ ಇದ್ವು?" ಎಂದು ಕೇಳಿದರು. ಹನಾನ್ ಒಂದೊಂದೇ ಮನೆತನದ ಹೆಸರು ಹೇಳುತ್ತ ಹೋದರು, ಯೋರಾಮ್ ಬರೆದುಕೊಳ್ಳುತ್ತ ಹೋದರು.

ನನ್ನ ಕೆಮ್ಮು ವಾಸಿಯಾಗಿದೆ. ದೊಡ್ಡಮ್ಮನ ಕಷಾಯದ ಪುಡಿ ಮುಗಿಯುತ್ತಾ ಬಂತು, ಕಳಿಸಿ. ಈ ಪೋಸ್ಟ್‌ಕಾರ್ಡಿನಲ್ಲಿ ಇನ್ನು ಜಾಗ ಇಲ್ಲ, ಇದೊಂದು ಹೇಳಿಬಿಡುತ್ತೇನೆ. ಸಂಜೆ ಹನಾನ್ ಇನ್ನಷ್ಟು ಕಾರ್ಡ್ ಕೇಳಿದರು. "ಅಡ್ರೆಸ್ ಚೇಂಜ್ ಮಾಡಿಸ್ಲಾ ಮೇಡಂ?" ಎಂದೆ. ಪಕ್ಕದಲ್ಲಿದ್ದ ಯೋರಾಮ್ ಹೇಳಿದರು: "ಬೇಡಮ್ಮ, ಅದು ಹಾಗೇ ಇರ್ಲಿ."

ಇಂಚರಾ